ಎರಡು ಜಾಲ ಕಾರ್ಡುಗಳುಳ್ಳ ಸರ್ವರ್ ಪಟ್ಟಿಯಲ್ಲಿ ಕಾಣಿಸದಿದ್ದಾಗ: ಕಾರಣಗಳು ಮತ್ತು ಪರಿಹಾರ ಕ್ರಮ

ಪೀಠಿಕೆ

ಕಚೇರಿ, ಬ್ಯಾಂಕು, ಶಾಲೆ, ಆಸ್ಪತ್ರೆ, ಸಹಕಾರ ಸಂಘ ಮೊದಲಾದ ಕಡೆಗಳಲ್ಲಿ ಇಂದು ಗಣಕಯಂತ್ರಗಳು ಒಂಟಿಯಾಗಿ ಕೆಲಸ ಮಾಡುವುದಿಲ್ಲವೆಂಬುದು ಎಲ್ಲರಿಗೂ ತಿಳಿದ ವಿಷಯವೇ ಆಗಿದೆ. ಹತ್ತಾರು ಯಂತ್ರಗಳನ್ನು ಜಾಲದ ಮೂಲಕ ಒಂದಕ್ಕೊಂದು ಜೋಡಿಸಲಾಗಿರುತ್ತದೆ. ಎಲ್ಲರಿಗೂ ಬೇಕಾದ ಕಡತಗಳನ್ನು ಸರ್ವರ್ ಎಂದು ಕರೆಯಲಾಗುವ ಒಂದು ಯಂತ್ರದಲ್ಲಿ ಇರಿಸಲಾಗಿರುತ್ತದೆ. ಸಿಬ್ಬಂದಿಯವರು ತಮ್ಮ ಮೇಜಿನ ಮೇಲಿನ ಯಂತ್ರದಿಂದಲೇ ಸರ್ವರಿನ ಹೆಸರನ್ನು ಹುಡುಕಿ, ಕಡತವನ್ನು ತೆರೆದು ಕೆಲಸ ಮಾಡುತ್ತಾರೆ.

ಆದರೆ ಕೆಲವೊಮ್ಮೆ ಸರ್ವರಿನ ಹೆಸರು ಪಟ್ಟಿಯಿಂದ ಇದ್ದಕ್ಕಿದ್ದಂತೆ ಮರೆಯಾಗುತ್ತದೆ. ಇಲ್ಲವೇ ಒಬ್ಬರಿಗೆ ಕಾಣಿಸಿದ ಹೆಸರು ಪಕ್ಕದವರಿಗೆ ಕಾಣಿಸುವುದಿಲ್ಲ. ಸರ್ವರಿನಲ್ಲಿ ಒಂದಕ್ಕಿಂತ ಹೆಚ್ಚು ಜಾಲ ಕಾರ್ಡುಗಳಿದ್ದರೆ ಈ ತೊಂದರೆ ಹೆಚ್ಚು. ಇಂಥ ಸಂದರ್ಭದಲ್ಲಿ ಸರ್ವರ್ ಕೆಟ್ಟಿದೆ, ಕಡತಗಳು ಅಳಿದಿವೆ ಎಂದು ಗಾಬರಿಗೊಂಡು ತೆಗೆದುಕೊಳ್ಳುವ ಕ್ರಮಗಳಿಂದಲೇ ನಿಜವಾದ ಹಾನಿಯಾಗುವುದುಂಟು. ಈ ತೊಂದರೆ ಏಕೆ ಉಂಟಾಗುತ್ತದೆ, ಅದನ್ನು ಯಾವ ಕ್ರಮದಲ್ಲಿ ಪರೀಕ್ಷಿಸಬೇಕು, ಹೇಗೆ ಸರಿಪಡಿಸಬೇಕು ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ. ಸಣ್ಣ ಕಚೇರಿಗಳಲ್ಲಿ ಜಾಲದ ಹೊಣೆಯನ್ನು ಬೇರೆ ಕೆಲಸಗಳ ಜೊತೆಗೆ ಹೊತ್ತಿರುವವರನ್ನು ಮುಖ್ಯವಾಗಿ ದೃಷ್ಟಿಯಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ.

ಒಂದು ನಿದರ್ಶನ

ವಿಷಯ ಸ್ಪಷ್ಟವಾಗಲೆಂದು ಒಂದು ಕಚೇರಿಯನ್ನು ಕಲ್ಪಿಸಿಕೊಳ್ಳೋಣ. ಎರಡು ಅಂತಸ್ತಿನ ಕಟ್ಟಡ. ನೆಲ ಅಂತಸ್ತಿನಲ್ಲಿ ಟಪಾಲು ಶಾಖೆ, ಮೇಲಂತಸ್ತಿನಲ್ಲಿ ಲೆಕ್ಕಪತ್ರ ಶಾಖೆ. 'ಕಾವೇರಿ' ಎಂಬ ಹೆಸರಿನ ಸರ್ವರ್ ನೆಲ ಅಂತಸ್ತಿನಲ್ಲಿದೆ. ಅದರ ಜಾಲ ವಿಳಾಸ 192.168.1.10. ಟಪಾಲು ಶಾಖೆಯ ಯಂತ್ರಗಳು 192.168.1 ಎಂದು ಆರಂಭವಾಗುವ ಉಪಜಾಲದಲ್ಲಿಯೂ, ಲೆಕ್ಕಪತ್ರ ಶಾಖೆಯ ಯಂತ್ರಗಳು 192.168.3 ಎಂದು ಆರಂಭವಾಗುವ ಉಪಜಾಲದಲ್ಲಿಯೂ ಇವೆ. ಎರಡು ಉಪಜಾಲಗಳ ನಡುವೆ ಒಂದು ರೌಟರ್ ಇದೆ.

ಒಂದು ಭಾನುವಾರ ಕಡತಗಳ ಬ್ಯಾಕಪ್ ತೆಗೆಯುವ ಸಲುವಾಗಿ ಕಾವೇರಿಗೆ ಎರಡನೆಯ ಜಾಲ ಕಾರ್ಡನ್ನು ಅಳವಡಿಸಿ, ಅದಕ್ಕೆ 192.168.2.10 ಎಂಬ ವಿಳಾಸ ಕೊಡಲಾಯಿತು. ಈ ಮೂರನೆಯ ಉಪಜಾಲದಲ್ಲಿ ಸರ್ವರ್ ಮತ್ತು ಬ್ಯಾಕಪ್ ಸಾಧನ ಎರಡೇ ಇವೆ. ಬೇರೆ ಯಾವ ಯಂತ್ರವೂ ಅಲ್ಲಿಗೆ ಹೋಗಲಾರದು. ಮರುದಿನ ಬೆಳಿಗ್ಗೆ ಟಪಾಲು ಶಾಖೆಯಲ್ಲಿ ಎಲ್ಲವೂ ಸರಿಯಾಗಿತ್ತು. ಲೆಕ್ಕಪತ್ರ ಶಾಖೆಯಲ್ಲಿ ಮಾತ್ರ ಕಾವೇರಿ ಒಮ್ಮೆ ತೆರೆಯಿತು, ಒಮ್ಮೆ ಬಹಳ ಹೊತ್ತು ಕಾಯಿಸಿತು, ಒಮ್ಮೆ ತೆರೆಯಲೇ ಇಲ್ಲ. ಅದು ತಿಂಗಳ ಕೊನೆಯ ವಾರ. ವೇತನ ಮತ್ತು ಪಿಂಚಣಿಯ ಬಿಲ್ಲುಗಳು ಹೊರಡಬೇಕಾಗಿದ್ದವು. ಶುಕ್ರವಾರ ಸಂಜೆ ಕೊನೆಯದಾಗಿ ಕಡತ ಮುಚ್ಚಿದ ಕಿರಿಯ ಸಹಾಯಕನ ಮೇಲೆ, ಆತನೇ ಏನನ್ನೋ ಅಳಿಸಿರಬೇಕೆಂಬ ಸಂಶಯ ಬಂದಿತು. ಸರ್ವರಿನ ಕಾರ್ಯವ್ಯವಸ್ಥೆಯನ್ನು ಅಳಿಸಿ ಹೊಸದಾಗಿ ಅಳವಡಿಸುವುದೇ ಲೇಸೆಂದು ರಿಪೇರಿಗೆ ಬಂದವರು ಸಲಹೆ ನೀಡಿದರು.

ಈ ಸಂಶಯ ನ್ಯಾಯವೇ? ಈ ಸಲಹೆ ಸರಿಯೇ? ಉತ್ತರಿಸುವ ಮೊದಲು ಪಟ್ಟಿ ಹೇಗೆ ಸಿದ್ಧವಾಗುತ್ತದೆಂಬುದನ್ನು ತಿಳಿಯಬೇಕು.

ಜಾಲದ ಪಟ್ಟಿ ಎಂದರೇನು?

ಬ್ರೌಸಿಂಗ್ ಎಂಬ ಪದವನ್ನು ಇಂದು ಅಂತರಜಾಲದ ಪುಟಗಳನ್ನು ನೋಡುವುದಕ್ಕೆ ಬಳಸುವುದು ವಾಡಿಕೆ. ಈ ಪಾಠದಲ್ಲಿ ಆ ಅರ್ಥವಿಲ್ಲ. ಒಂದು ಕಚೇರಿಯ ಒಳಜಾಲದಲ್ಲಿ ಯಾವ ಯಾವ ಯಂತ್ರಗಳಿವೆ, ಅವು ಯಾವ ಕಡತಗಳನ್ನು, ಯಾವ ಪ್ರಿಂಟರುಗಳನ್ನು ಹಂಚಿಕೊಂಡಿವೆ ಎಂಬುದನ್ನು ಪಟ್ಟಿಯ ರೂಪದಲ್ಲಿ ನೋಡುವುದನ್ನೇ ಇಲ್ಲಿ ಬ್ರೌಸಿಂಗ್ ಎನ್ನಲಾಗಿದೆ. ವಿಂಡೋಸ್ ಯಂತ್ರದಲ್ಲಿ 'ನೆಟ್‌ವರ್ಕ್' ಎಂಬ ಗುರುತನ್ನು ಒತ್ತಿದಾಗ ಕಾಣುವ ಪಟ್ಟಿ ಇದೇ.

ಈ ಪಟ್ಟಿಯನ್ನು ಶಾಲೆಯ ಹಾಜರಿ ಪುಸ್ತಕಕ್ಕೆ ಹೋಲಿಸಬಹುದು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಹುಡುಗ ಊರಿನಲ್ಲಿಯೇ ಇಲ್ಲವೆಂದು ಹೇಳಲಾಗದು. ಕೂಗಿದಾಗ ಅವನ ದನಿ ಕೇಳಿಸದೆ ಹೋಗಿರಬಹುದು, ಬರೆದುಕೊಳ್ಳುವವರು ತಪ್ಪಿರಬಹುದು. ಹಾಗೆಯೇ ಪಟ್ಟಿಯಲ್ಲಿ ಸರ್ವರಿನ ಹೆಸರಿಲ್ಲವೆಂದರೆ ಸರ್ವರ್ ಇಲ್ಲವೆಂದಾಗಲಿ, ಅದರೊಳಗಿನ ಕಡತಗಳು ಇಲ್ಲವೆಂದಾಗಲಿ ಅರ್ಥವಲ್ಲ. ಇಡೀ ಪಾಠದಲ್ಲಿ ಓದುಗರು ಮುಖ್ಯವಾಗಿ ನೆನಪಿಡಬೇಕಾದ ಅಂಶ ಇದು.

ಹಳೆಯ ಪದ್ಧತಿ

ವಿಂಡೋಸ್ ಫಾರ್ ವರ್ಕ್‌ಗ್ರೂಪ್ಸ್ (1992) ಮತ್ತು ವಿಂಡೋಸ್ ಎನ್‌ಟಿ (1993) ಕಾಲದಿಂದ ಬಹುಕಾಲ ಈ ಪಟ್ಟಿಯನ್ನು 'ಕಂಪ್ಯೂಟರ್ ಬ್ರೌಸರ್' ಎಂಬ ಸೇವೆ ಸಿದ್ಧಪಡಿಸುತ್ತಿತ್ತು. ಇದು ನೆಟ್‌ಬಯಾಸ್ ಎಂಬ ಹೆಸರಿನ ವ್ಯವಸ್ಥೆಯನ್ನು ಅವಲಂಬಿಸಿತ್ತು. ನೆಟ್‌ಬಯಾಸಿನಲ್ಲಿ ಪ್ರತಿಯೊಂದು ಹೆಸರೂ 16 ಸ್ಥಾನಗಳದ್ದು. ಮೊದಲ 15 ಸ್ಥಾನಗಳಲ್ಲಿ ಹೆಸರು; ಕೊನೆಯ ಸ್ಥಾನದಲ್ಲಿ ಆ ಹೆಸರು ಯಾವ ಕೆಲಸಕ್ಕಾಗಿ ಎಂಬುದನ್ನು ತಿಳಿಸುವ ಸಂಕೇತ.

ಈ ಪದ್ಧತಿ ಕೆಲಸ ಮಾಡುತ್ತಿದ್ದ ರೀತಿ ಹೀಗಿದೆ. ಒಂದು ಉಪಜಾಲದಲ್ಲಿರುವ ಯಂತ್ರಗಳು ತಮ್ಮತಮ್ಮಲ್ಲಿ ಚುನಾವಣೆ ನಡೆಸಿ ಒಂದು ಯಂತ್ರವನ್ನು ಪಟ್ಟಿಯ ಒಡೆಯನನ್ನಾಗಿ ಆರಿಸಿಕೊಳ್ಳುತ್ತವೆ. ಇದಕ್ಕೆ ಮಾಸ್ಟರ್ ಬ್ರೌಸರ್ ಎಂದು ಹೆಸರು. ಕಡತ ಹಂಚಿಕೊಂಡಿರುವ ಪ್ರತಿಯೊಂದು ಯಂತ್ರವೂ 'ನಾನಿದ್ದೇನೆ' ಎಂದು ಉಪಜಾಲಕ್ಕೆಲ್ಲ ಕೇಳುವಂತೆ ಸಾರುತ್ತದೆ. ಮೊದಮೊದಲು ಬೇಗಬೇಗನೆ, ಅನಂತರ 12 ನಿಮಿಷಕ್ಕೊಮ್ಮೆ ಈ ಸಾರಿಕೆ ನಡೆಯುತ್ತದೆ. ಸತತವಾಗಿ ಮೂರು ಬಾರಿ ಸಾರಿಕೆ ಕೇಳಿಸದಿದ್ದರೆ, ಅಂದರೆ 36 ನಿಮಿಷಗಳಾದರೆ, ಹೆಸರನ್ನು ಪಟ್ಟಿಯಿಂದ ತೆಗೆಯಲಾಗುತ್ತದೆ. ಸಹಾಯಕ ಬ್ರೌಸರುಗಳು 15 ನಿಮಿಷಕ್ಕೊಮ್ಮೆ ಹೊಸ ಪಟ್ಟಿಯನ್ನು ತರಿಸಿಕೊಳ್ಳುತ್ತವೆ. ಆದುದರಿಂದ ನಿಂತುಹೋದ ಯಂತ್ರದ ಹೆಸರು 51 ನಿಮಿಷಗಳವರೆಗೂ ಪಟ್ಟಿಯಲ್ಲಿ ಉಳಿಯಬಹುದು.

ಇಂಥ ಸಾರಿಕೆ ಸಾಮಾನ್ಯವಾಗಿ ರೌಟರನ್ನು ದಾಟುವುದಿಲ್ಲ. ಒಂದು ಡೊಮೇನಿಗೆ ಸೇರಿದ ಹಲವು ಉಪಜಾಲಗಳ ಪಟ್ಟಿಗಳನ್ನು ಒಂದುಗೂಡಿಸುವ ಕೆಲಸವನ್ನು ಡೊಮೇನ್ ಮಾಸ್ಟರ್ ಬ್ರೌಸರ್ ಮಾಡುತ್ತದೆ. ಡೊಮೇನಿನ ಪ್ರಧಾನ ನಿಯಂತ್ರಕ ಯಂತ್ರವೇ ಈ ಹೊಣೆ ಹೊತ್ತಿರುತ್ತದೆ. ಬೇರೆ ಉಪಜಾಲದವರು ಅದರ ವಿಳಾಸವನ್ನು ತಿಳಿಯಲು ವಿನ್ಸ್ ಎಂಬ ಹೆಸರುಗಳ ದಾಖಲೆಯನ್ನು ಬಳಸಲಾಗುತ್ತಿತ್ತು.

ಇಂದಿನ ಪದ್ಧತಿ

ಮೇಲೆ ಹೇಳಿದ ಬ್ರೌಸರ್ ಸೇವೆ ಎಸ್‌ಎಂಬಿ ಒಂದನೆಯ ಆವೃತ್ತಿ ಎಂಬ ಹಳೆಯ ಕಡತ ಹಂಚಿಕೆ ವಿಧಾನವನ್ನು ಆಧರಿಸಿದೆ. ಈ ಹಳೆಯ ಆವೃತ್ತಿಯಲ್ಲಿದ್ದ ಒಂದು ದೋಷವನ್ನು ಬಳಸಿಕೊಂಡೇ 2017ರ ಮೇ ತಿಂಗಳಿನಲ್ಲಿ ವಾನಾಕ್ರೈ ಎಂಬ ವೈರಸ್ ಜಗತ್ತಿನ ಅನೇಕ ದೇಶಗಳಲ್ಲಿ ಹಬ್ಬಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಆ ದೋಷಕ್ಕೆ ಪರಿಹಾರ ತಂತ್ರಾಂಶ ಅದೇ ವರ್ಷದ ಮಾರ್ಚಿಯಲ್ಲಿಯೇ ಬಿಡುಗಡೆಯಾಗಿದ್ದರೂ ಅದನ್ನು ಅಳವಡಿಸದ ಯಂತ್ರಗಳು ಬಲಿಯಾದವು. 2017ರ ಕೊನೆಯ ಭಾಗದಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಈ ಹಳೆಯ ವಿಧಾನವನ್ನು ತಾನಾಗಿ ಅಳವಡಿಸುವುದನ್ನು ಕೈಬಿಡಲಾಯಿತು. ವಿಂಡೋಸ್ ಸರ್ವರ್ 2019ರಲ್ಲಿಯೂ ಅದು ತಾನಾಗಿ ಇರುವುದಿಲ್ಲ.

ಹೊಸ ಯಂತ್ರಗಳು ಒಂದನ್ನೊಂದು ಗುರುತಿಸುವುದಕ್ಕೆ ಡಬ್ಲ್ಯೂಎಸ್-ಡಿಸ್ಕವರಿ ಎಂಬ ವಿಧಾನವನ್ನು ಬಳಸುತ್ತವೆ. ತನ್ನ ಇರವನ್ನು ಪ್ರಕಟಿಸಬೇಕಾದ ಯಂತ್ರದಲ್ಲಿ 'ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್' ಎಂಬ ಸೇವೆ ನಡೆಯುತ್ತಿರಬೇಕು. ಇದರ ಸಂದೇಶಗಳು ಯುಡಿಪಿ 3702ನೆಯ ಪೋರ್ಟಿನಲ್ಲಿ ಸಾಗುತ್ತವೆ. ಸಾಮಾನ್ಯವಾಗಿ ಇವೂ ರೌಟರನ್ನು ದಾಟುವುದಿಲ್ಲ. ಹೆಸರಿನಿಂದ ವಿಳಾಸವನ್ನು ತಿಳಿಯುವ ಕೆಲಸವನ್ನು ಈಗ ಹೆಚ್ಚಾಗಿ ಡಿಎನ್‌ಎಸ್ ಮಾಡುತ್ತದೆ. ಪಟ್ಟಿ ತೋರಿಸುವುದು ಒಂದು ಕೆಲಸ, ಹೆಸರಿಗೆ ವಿಳಾಸ ಹುಡುಕುವುದು ಇನ್ನೊಂದು ಕೆಲಸ, ಕಡತ ತೆರೆಯುವುದು ಮತ್ತೊಂದು ಕೆಲಸ. ಈ ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದರೆ ಮಾತ್ರ ದೋಷ ಎಲ್ಲಿದೆಯೆಂದು ತಿಳಿಯುತ್ತದೆ.

ಒಂದಕ್ಕಿಂತ ಹೆಚ್ಚು ಕಾರ್ಡುಗಳು ಏಕೆ?

ಸರ್ವರಿನಲ್ಲಿ ಎರಡು ಅಥವಾ ಹೆಚ್ಚು ಜಾಲ ಕಾರ್ಡುಗಳಿರುವುದಕ್ಕೆ ಹಲವು ಕಾರಣಗಳಿವೆ. ಬ್ಯಾಕಪ್ ಸಂಚಾರವನ್ನು ದಿನನಿತ್ಯದ ಸಂಚಾರದಿಂದ ಬೇರ್ಪಡಿಸುವುದು, ಎರಡು ಉಪಜಾಲಗಳಿಗೆ ಒಂದೇ ಸರ್ವರಿನಿಂದ ಸೇವೆ ನೀಡುವುದು, ಒಂದು ಕಾರ್ಡು ಕೆಟ್ಟರೆ ಇನ್ನೊಂದರಿಂದ ಕೆಲಸ ಮುಂದುವರಿಸುವುದು ಇವು ಮುಖ್ಯವಾದವು.

ಕಣ್ಣಿಗೆ ಕಾಣುವ ಕಾರ್ಡುಗಳನ್ನಷ್ಟೇ ಎಣಿಸಿದರೆ ಸಾಲದು. ದೂರಸಂಪರ್ಕಕ್ಕಾಗಿ ಬಳಸುವ ವಿಪಿಎನ್, ಒಂದೇ ಯಂತ್ರದೊಳಗೆ ಹಲವು ಯಂತ್ರಗಳನ್ನು ನಡೆಸುವ ಹೈಪರ್-ವಿಯಂಥ ತಂತ್ರಾಂಶಗಳು ಸಹ ತಮ್ಮದೇ ಆದ ಕಲ್ಪಿತ ಕಾರ್ಡುಗಳನ್ನು ಹುಟ್ಟಿಸುತ್ತವೆ. ಸರ್ವರಿನ ದೃಷ್ಟಿಯಿಂದ ಅವೂ ಕಾರ್ಡುಗಳೇ. ಹಾಗಾಗಿ ಒಂದೇ ಕೇಬಲ್ಲು ಸಿಕ್ಕಿಸಿರುವ ಸರ್ವರಿನಲ್ಲಿಯೂ ಎರಡು ಕಾರ್ಡುಗಳ ತೊಡಕು ಕಾಣಿಸಿಕೊಳ್ಳಬಹುದು.

ತೊಡಕು ಹುಟ್ಟುವ ಬಗೆಗಳು

ಎರಡು ಬೀದಿಗಳಿಗೆ ಎರಡು ಬಾಗಿಲುಗಳುಳ್ಳ ಮನೆಯನ್ನು ಭಾವಿಸಿಕೊಳ್ಳಿ. ಮನೆಯೊಂದೇ, ಯಜಮಾನರ ಹೆಸರೂ ಒಂದೇ, ಆದರೆ ವಿಳಾಸಗಳು ಎರಡು. ಯಾವ ಬೀದಿಯವರಿಗೆ ಯಾವ ವಿಳಾಸ ಹೇಳಬೇಕೆಂಬುದು ತಪ್ಪಿದಾಗಲೇ ಗೊಂದಲ ಆರಂಭವಾಗುತ್ತದೆ. ಮುಖ್ಯವಾದ ಬಗೆಗಳು ಈ ಕೆಳಗಿನಂತಿವೆ.

1. ಹೆಸರಿಗೆ ಎರಡು ವಿಳಾಸಗಳು ದಾಖಲಾಗುವುದು. ವಿಂಡೋಸ್ ಸರ್ವರ್ ತನ್ನ ಎಲ್ಲ ಕಾರ್ಡುಗಳ ವಿಳಾಸಗಳನ್ನೂ ತಾನಾಗಿಯೇ ಡಿಎನ್‌ಎಸ್‌ನಲ್ಲಿ ದಾಖಲಿಸುತ್ತದೆ. ಡಿಎನ್‌ಎಸ್ ಈ ವಿಳಾಸಗಳನ್ನು ಸರದಿಯಂತೆ ಹಿಂದುಮುಂದು ಮಾಡಿ ಕೊಡುತ್ತದೆ. ಕೇಳುವ ಯಂತ್ರ ಒಂದು ವಿಳಾಸದ ಉಪಜಾಲದಲ್ಲಿಯೇ ಇದ್ದರೆ ವಿಂಡೋಸಿನ ಡಿಎನ್‌ಎಸ್ ಸಾಮಾನ್ಯವಾಗಿ ಆ ವಿಳಾಸವನ್ನೇ ಮೊದಲು ಕೊಡುತ್ತದೆ. ಬೇರೆ ಉಪಜಾಲದ ಯಂತ್ರಗಳಿಗೆ ಈ ಅನುಕೂಲವಿಲ್ಲ. ತಾವು ತಲುಪಲಾಗದ ವಿಳಾಸವೇ ಅವುಗಳ ಕೈಗೆ ಮೊದಲು ಸಿಗಬಹುದು.

2. ಪಟ್ಟಿಗಳು ಒಂದುಗೂಡದಿರುವುದು. ಹಳೆಯ ಬ್ರೌಸರ್ ಸೇವೆ ಪ್ರತಿಯೊಂದು ಕಾರ್ಡಿಗೂ ಪ್ರತ್ಯೇಕವಾಗಿ ಕೆಲಸ ಮಾಡುತ್ತದೆ. ಎರಡು ಕಾರ್ಡುಗಳ ಕಡೆಯ ಎರಡು ಪಟ್ಟಿಗಳನ್ನು ಅದು ತಾನಾಗಿ ಸೇರಿಸುವುದಿಲ್ಲ. ಪ್ರಧಾನ ನಿಯಂತ್ರಕ ಯಂತ್ರದಲ್ಲಿಯೇ ಎರಡು ಕಾರ್ಡುಗಳಿದ್ದರೆ ತೊಂದರೆ ಇನ್ನೂ ಹೆಚ್ಚು. ಏಕೆಂದರೆ ಡೊಮೇನ್ ಮಾಸ್ಟರ್ ಬ್ರೌಸರಿನ ಹೆಸರಿಗೆ ವಿನ್ಸ್ ದಾಖಲೆಯಲ್ಲಿ ಒಂದೇ ವಿಳಾಸಕ್ಕೆ ಎಡೆ. ಇನ್ನೊಂದು ಕಡೆಯ ಉಪಜಾಲದವರು ಅದನ್ನು ತಲುಪಲಾಗದೆ, ಅವರ ಪಟ್ಟಿ ಅರೆಬರೆಯಾಗಿ ಉಳಿಯುತ್ತದೆ. ಡೊಮೇನ್ ನಿಯಂತ್ರಕ ಯಂತ್ರಗಳಿಗೆ ಒಂದೇ ಕಾರ್ಡು ಇರಲಿ ಎಂಬ ಸಲಹೆಗೆ ಇದು ಒಂದು ಕಾರಣ.

3. ಎರಡು ಕಾರ್ಡುಗಳು ಒಂದೇ ಉಪಜಾಲದಲ್ಲಿರುವುದು. ವೇಗ ಹೆಚ್ಚಲೆಂದು ಎರಡು ಕಾರ್ಡುಗಳನ್ನೂ ಒಂದೇ ಸ್ವಿಚ್ಚಿಗೆ ಸಿಕ್ಕಿಸಿ, ಒಂದೇ ಉಪಜಾಲದ ಎರಡು ವಿಳಾಸ ಕೊಡುವುದುಂಟು. ಆಗ ಒಂದು ಕಾರ್ಡಿನಿಂದ ಹೊರಟ ಸಾರಿಕೆ ಇನ್ನೊಂದು ಕಾರ್ಡಿಗೆ ಕೇಳಿಸುತ್ತದೆ. ಸರ್ವರ್ ತನ್ನದೇ ಹೆಸರಿನ ಬೇರೊಂದು ಯಂತ್ರವಿದೆಯೆಂದು ಭ್ರಮಿಸಬಹುದು. ಘಟನಾ ದಾಖಲೆಯಲ್ಲಿ 4319 ಎಂಬ ಸಂಖ್ಯೆಯ, ಒಂದೇ ಹೆಸರು ಎರಡು ಕಡೆ ಇದೆಯೆಂಬ ದೂರು ಕಾಣಬಹುದು. ಹಳೆಯ ಬ್ರೌಸರ್ ಸೇವೆಯಿರುವಲ್ಲಿ ಪಟ್ಟಿಯ ಒಡೆತನದ ಬಗ್ಗೆ 8003 ಎಂಬ ಸಂಖ್ಯೆಯ ದೂರೂ ಬರಬಹುದು.

4. ಎರಡು ಹೆಬ್ಬಾಗಿಲುಗಳಿರುವುದು. ಹೊರಗಿನ ಉಪಜಾಲಗಳಿಗೆ ಹೋಗುವ ದಾರಿಯನ್ನು ಡಿಫಾಲ್ಟ್ ಗೇಟ್‌ವೇ ಎನ್ನುತ್ತಾರೆ. ಇದನ್ನು ಎರಡೂ ಕಾರ್ಡುಗಳಲ್ಲಿ ಬರೆದರೆ ಎರಡು ದಾರಿಗಳೂ ಸರಾಗವಾಗುತ್ತವೆಂಬುದು ತಪ್ಪು ತಿಳಿವಳಿಕೆ. ಸರ್ವರ್ ತಾನಾಗಿ ಆರಂಭಿಸುವ ಸಂಪರ್ಕ ತಪ್ಪು ಬಾಗಿಲಿನಿಂದ ಹೊರಟು ಎಲ್ಲಿಯೂ ಮುಟ್ಟದೆ ಹೋಗಬಹುದು. ವಿಂಡೋಸ್ ಸರ್ವರ್ 2003 ಮತ್ತು ಅದಕ್ಕೂ ಹಳೆಯ ಆವೃತ್ತಿಗಳಲ್ಲಿ, ಒಂದು ಬಾಗಿಲಿಗೆ ಬಂದ ಪ್ರಶ್ನೆಗೆ ಉತ್ತರ ಇನ್ನೊಂದು ಬಾಗಿಲಿನಿಂದ ಹೊರಡುವುದೂ ಸಾಧ್ಯವಿತ್ತು.

5. ಒಂದು ಬಾಗಿಲಿಗೆ ಅಗಳಿ ಬಿದ್ದಿರುವುದು. ಗೇಟ್‌ವೇ ಇಲ್ಲದ ಕಾರ್ಡನ್ನು ವಿಂಡೋಸ್ 'ಗುರುತಿಸಲಾಗದ ಜಾಲ' ಎಂದು ಪರಿಗಣಿಸಿ, ಅದಕ್ಕೆ ಸಾರ್ವಜನಿಕ ಸ್ಥಳದ ನಿಯಮಗಳನ್ನು ಅನ್ವಯಿಸುತ್ತದೆ. ರೈಲು ನಿಲ್ದಾಣದ ಜಾಲದಲ್ಲಿ ಅಪರಿಚಿತರಿಗೆ ನಮ್ಮ ಯಂತ್ರ ಕಾಣಬಾರದೆಂಬ ಸದುದ್ದೇಶದ ನಿಯಮಗಳಿವು. ಫಲವಾಗಿ ಆ ಕಾರ್ಡಿನ ಕಡೆಯವರಿಗೆ ಸರ್ವರ್ ಕಾಣಿಸುವುದಿಲ್ಲ. ನಾಲ್ಕನೆಯ ತೊಡಕನ್ನು ಸರಿಪಡಿಸಲು ಹೋದವರು ತಿಳಿಯದೆ ಐದನೆಯದಕ್ಕೆ ಸಿಕ್ಕಿಬೀಳುವುದು ಸಾಮಾನ್ಯ.

ಪರೀಕ್ಷಿಸುವ ಕ್ರಮ

ಮೊದಲು ಪರೀಕ್ಷೆ, ಅನಂತರ ಬದಲಾವಣೆ. ಈ ಕ್ರಮವನ್ನು ಎಂದಿಗೂ ತಲೆಕೆಳಗು ಮಾಡಬಾರದು. ಕೆಳಗಿನ ಹಂತಗಳಲ್ಲಿ ಯಾವುದರಿಂದಲೂ ಕಡತಗಳಿಗೆ ಹಾನಿಯಾಗುವುದಿಲ್ಲ. ಪ್ರತಿಯೊಂದು ಹಂತದ ಫಲಿತಾಂಶವನ್ನೂ ಕಾಗದದ ಮೇಲೆ ಬರೆದಿಡತಕ್ಕದ್ದು.

ಮೊದಲನೆಯ ಹಂತ: ಯಾರಿಗೆ ತೊಂದರೆ, ಯಾರಿಗಿಲ್ಲ ಎಂಬುದನ್ನು ಪಟ್ಟಿಮಾಡಿ. ತೊಂದರೆಗೊಳಗಾದವರೆಲ್ಲ ಒಂದೇ ಉಪಜಾಲದವರಾಗಿದ್ದರೆ ಅದು ದೊಡ್ಡ ಸುಳಿವು. ಇತ್ತೀಚೆಗೆ ಏನನ್ನು ಬದಲಿಸಲಾಯಿತೆಂದೂ ವಿಚಾರಿಸಿ.

ಎರಡನೆಯ ಹಂತ: ತೊಂದರೆಯಿರುವ ಯಂತ್ರದಲ್ಲಿ ಸರ್ವರಿನ ಹೆಸರಿನ ಬದಲು ಅದರ ವಿಳಾಸವನ್ನೇ, ಎರಡು ಹಿಂದೋರೆ ಗೆರೆಗಳನ್ನು ಮುಂದಿಟ್ಟು, \\192.168.1.10 ಎಂಬಂತೆ ಬರೆದು ತೆರೆಯಿರಿ. ತೆರೆದರೆ ಸರ್ವರ್, ಕೇಬಲ್ಲು, ಕಡತ, ಅನುಮತಿ ಎಲ್ಲವೂ ಸರಿಯಾಗಿವೆ. ದೋಷವಿರುವುದು ಹೆಸರಿನಲ್ಲಿ ಮಾತ್ರ.

ಮೂರನೆಯ ಹಂತ: ಅದೇ ಯಂತ್ರದಲ್ಲಿ ಸರ್ವರಿನ ಹೆಸರನ್ನು ಕೊಟ್ಟು ಪಿಂಗ್ ಆಜ್ಞೆಯನ್ನು ನೀಡಿ. ಇಲ್ಲಿ ನೋಡಬೇಕಾದುದು ಉತ್ತರ ಬಂದಿತೇ ಎಂಬುದನ್ನಲ್ಲ, ಹೆಸರಿನ ಪಕ್ಕದಲ್ಲಿ ಯಾವ ವಿಳಾಸ ಮೂಡಿತು ಎಂಬುದನ್ನು. ಪಿಂಗ್ ಸಂದೇಶವನ್ನು ಅನೇಕ ಕಡೆ ಫೈರ್‌ವಾಲ್ ತಡೆಯುವುದರಿಂದ ಉತ್ತರ ಬಾರದಿರುವುದೇ ದೋಷದ ಸಾಕ್ಷಿಯಲ್ಲ. ಕಡತ ಸೇವೆಯ ಬಾಗಿಲು ತೆರೆದಿದೆಯೇ ಎಂದು ತಿಳಿಯಲು ಪವರ್‌ಶೆಲ್ಲಿನ 'ಟೆಸ್ಟ್-ನೆಟ್‌ಕನೆಕ್ಷನ್' ಆಜ್ಞೆಯಿಂದ ಟಿಸಿಪಿ 445ನೆಯ ಪೋರ್ಟನ್ನು ಪರೀಕ್ಷಿಸುವುದು ಉತ್ತಮ.

ನಾಲ್ಕನೆಯ ಹಂತ: ಸರ್ವರಿನಲ್ಲಿ 'ಐಪಿಕಾನ್ಫಿಗ್' ಆಜ್ಞೆಯನ್ನು 'ಆಲ್' ಎಂಬ ಆಯ್ಕೆಯೊಡನೆ ನೀಡಿ. ಎಷ್ಟು ಕಾರ್ಡುಗಳಿವೆ, ಯಾವುದಕ್ಕೆ ಯಾವ ವಿಳಾಸ, ಗೇಟ್‌ವೇ ಎಷ್ಟು ಕಡೆ ಇದೆ ಎಂಬುದು ಇದರಿಂದ ತಿಳಿಯುತ್ತದೆ. 'ರೌಟ್ ಪ್ರಿಂಟ್' ಆಜ್ಞೆ ದಾರಿಗಳ ಪಟ್ಟಿಯನ್ನು ತೋರಿಸುತ್ತದೆ.

ಐದನೆಯ ಹಂತ: ಹಳೆಯ ಪದ್ಧತಿ ಬಳಕೆಯಲ್ಲಿರುವ ಕಡೆ 'ಎನ್‌ಬಿಟಿಸ್ಟ್ಯಾಟ್' ಆಜ್ಞೆಯನ್ನು 'ಎನ್' ಆಯ್ಕೆಯೊಡನೆ ನೀಡಿ, ಪ್ರತಿಯೊಂದು ಕಾರ್ಡಿನ ಮೇಲೂ ದಾಖಲಾಗಿರುವ ಹೆಸರುಗಳನ್ನು ನೋಡಿ. ಹೆಸರಿನ ಮುಂದೆ 'ಕಾನ್‌ಫ್ಲಿಕ್ಟ್' ಎಂದು ಬಂದಿದ್ದರೆ ಹೆಸರಿನ ಘರ್ಷಣೆಯಿದೆ ಎಂದರ್ಥ.

ಆರನೆಯ ಹಂತ: ಸರ್ವರಿನ ಘಟನಾ ದಾಖಲೆಯನ್ನು ತೆರೆದು, ತೊಂದರೆ ಆರಂಭವಾದ ಸಮಯದ ಆಸುಪಾಸಿನ ಎಚ್ಚರಿಕೆಗಳನ್ನು ಓದಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೊಸ ಯಂತ್ರದಲ್ಲಿ 'ನೆಟ್ ವ್ಯೂ' ಎಂದಷ್ಟೇ ಆಜ್ಞೆ ಕೊಟ್ಟರೆ 6118 ಎಂಬ ಸಂಖ್ಯೆಯ ದೋಷಸಂದೇಶ ಬರಬಹುದು. ಈ ಆಜ್ಞೆ ಹಳೆಯ ಬ್ರೌಸರ್ ಸೇವೆಯ ಪಟ್ಟಿಯನ್ನು ಕೇಳುತ್ತದೆ; ಆ ಸೇವೆಯೇ ಇಲ್ಲದಿರುವಾಗ ಈ ಉತ್ತರ ಸಹಜ. ಇದನ್ನು ಕಂಡು ಜಾಲ ಕೆಟ್ಟಿದೆಯೆಂದು ತೀರ್ಮಾನಿಸಬಾರದು. ಅದೇ ಆಜ್ಞೆಯ ಮುಂದೆ ಸರ್ವರಿನ ಹೆಸರನ್ನು ಸೇರಿಸಿ ಕೇಳಿದರೆ ಆ ಸರ್ವರ್ ಹಂಚಿಕೊಂಡಿರುವ ಕಡತಕೋಶಗಳ ಪಟ್ಟಿ ದೊರೆಯುತ್ತದೆ.

ಪರಿಹಾರ ಕ್ರಮಗಳು

ಪರೀಕ್ಷೆಯಿಂದ ಕಾರಣ ತಿಳಿದ ಮೇಲೆ ಆ ಕಾರಣಕ್ಕೆ ತಕ್ಕ ಬದಲಾವಣೆಯನ್ನು ಮಾತ್ರ ಮಾಡಬೇಕು. ಒಮ್ಮೆಗೆ ಒಂದೇ ಬದಲಾವಣೆ. ಪ್ರತಿ ಬದಲಾವಣೆಯ ಅನಂತರ ಮರುಪರೀಕ್ಷೆ.

(ಅ) ಸಾರ್ವತ್ರಿಕ ಬಳಕೆಗೆ ಒಂದು ಕಾರ್ಡನ್ನು ಗೊತ್ತುಮಾಡಿ. ಉಳಿದ ಕಾರ್ಡುಗಳ ಟಿಸಿಪಿ/ಐಪಿ ಹೊಂದಾಣಿಕೆಯ ಡಿಎನ್‌ಎಸ್ ಭಾಗದಲ್ಲಿ, ಈ ಸಂಪರ್ಕದ ವಿಳಾಸವನ್ನು ಡಿಎನ್‌ಎಸ್‌ನಲ್ಲಿ ದಾಖಲಿಸು ಎಂಬ ಅರ್ಥದ ಗುರುತನ್ನು ತೆಗೆಯಿರಿ. ಡಿಎನ್‌ಎಸ್‌ನಲ್ಲಿ ಈಗಾಗಲೇ ಸೇರಿರುವ ತಪ್ಪು ವಿಳಾಸವನ್ನು ಅಳಿಸಿ. ಬಳಕೆದಾರರ ಯಂತ್ರಗಳಲ್ಲಿ 'ಐಪಿಕಾನ್ಫಿಗ್' ಆಜ್ಞೆಯನ್ನು 'ಫ್ಲಶ್‌ಡಿಎನ್‌ಎಸ್' ಆಯ್ಕೆಯೊಡನೆ ನೀಡಿ ಹಳೆಯ ನೆನಪನ್ನು ಅಳಿಸಿ.

(ಆ) ಬ್ಯಾಕಪ್ಪಿನಂಥ ಸೀಮಿತ ಕೆಲಸದ ಕಾರ್ಡಿನ ಮೇಲೆ ನೆಟ್‌ಬಯಾಸನ್ನು ನಿಲ್ಲಿಸಿ. ಹೊರಗಿನ ಅಂತರಜಾಲಕ್ಕೆ ಮುಖಮಾಡಿರುವ ಕಾರ್ಡಿನ ಮೇಲೆ ಕಡತ ಮತ್ತು ಪ್ರಿಂಟರ್ ಹಂಚಿಕೆಯನ್ನೂ ನಿಲ್ಲಿಸತಕ್ಕದ್ದು. ಇದು ಪಟ್ಟಿಯ ಗೊಂದಲವನ್ನಷ್ಟೇ ಅಲ್ಲದೆ ಅಪಾಯವನ್ನೂ ತಡೆಯುತ್ತದೆ.

(ಇ) ಡಿಫಾಲ್ಟ್ ಗೇಟ್‌ವೇಯನ್ನು ಒಂದೇ ಕಾರ್ಡಿನಲ್ಲಿ ಇರಿಸಿ. ಇನ್ನೊಂದು ಕಾರ್ಡಿನ ಮೂಲಕ ತಲುಪಬೇಕಾದ ಉಪಜಾಲವಿದ್ದರೆ ಅದಕ್ಕೆ 'ರೌಟ್' ಆಜ್ಞೆಯಿಂದ ಸ್ಥಿರವಾದ ದಾರಿಯನ್ನು ಬರೆಯಿರಿ.

(ಈ) ಎರಡು ಕಾರ್ಡುಗಳು ಒಂದೇ ಉಪಜಾಲದಲ್ಲಿದ್ದರೆ ಒಂದನ್ನು ತೆಗೆಯಿರಿ, ಇಲ್ಲವೇ ಎರಡನ್ನೂ ಕೂಡಿಸಿ ಒಂದೇ ವಿಳಾಸದಡಿ ತನ್ನಿ. ಇದನ್ನು ಟೀಮಿಂಗ್ ಎನ್ನುತ್ತಾರೆ. ವಿಂಡೋಸ್ ಸರ್ವರ್ 2012ರಿಂದ ಈ ಸೌಲಭ್ಯ ಕಾರ್ಯವ್ಯವಸ್ಥೆಯಲ್ಲಿಯೇ ದೊರೆಯುತ್ತಿದೆ.

(ಉ) ನಂಬಿಕೆಗೆ ಅರ್ಹವಾದ ಒಳಜಾಲದ ಕಾರ್ಡಿಗೆ ಸಾರ್ವಜನಿಕ ನಿಯಮ ಅನ್ವಯವಾಗಿದ್ದರೆ ಅದನ್ನು ಖಾಸಗಿ ಜಾಲವೆಂದು ಬದಲಿಸಿ. ಫೈರ್‌ವಾಲನ್ನು ಪೂರ್ತಿಯಾಗಿ ನಿಲ್ಲಿಸುವುದು ಪರಿಹಾರವಲ್ಲ.

(ಊ) ಲಿನಕ್ಸ್ ಯಂತ್ರದ ಮೇಲೆ ಸಾಂಬಾ ತಂತ್ರಾಂಶದಿಂದ ಕಡತ ಹಂಚಿಕೊಂಡಿರುವ ಶಾಲೆ, ಸಂಸ್ಥೆಗಳು ಅದರ ಹೊಂದಾಣಿಕೆ ಕಡತದಲ್ಲಿ 'ಇಂಟರ್‌ಫೇಸಸ್' ಎಂಬ ಸಾಲಿನಲ್ಲಿ ಬೇಕಾದ ಕಾರ್ಡನ್ನು ಹೆಸರಿಸಿ, 'ಬೈಂಡ್ ಇಂಟರ್‌ಫೇಸಸ್ ಓನ್ಲಿ' ಎಂಬ ಸಾಲಿಗೆ 'ಯೆಸ್' ಎಂಬ ಬೆಲೆ ಕೊಡಬೇಕು. ಯಂತ್ರದ ಒಳವಿಳಾಸವಾದ 127.0.0.1ನ್ನೂ ಆ ಸಾಲಿನಲ್ಲಿ ಸೇರಿಸುವುದನ್ನು ಮರೆಯಬಾರದು. ಹೊಸ ವಿಂಡೋಸ್ ಯಂತ್ರಗಳ ಪಟ್ಟಿಯಲ್ಲಿ ಸಾಂಬಾ ಸರ್ವರ್ ತಾನಾಗಿ ಕಾಣಿಸದೆ ಇರಬಹುದು. ಹೆಸರು ಅಥವಾ ವಿಳಾಸದಿಂದ ಅದು ತೆರೆಯುತ್ತಿದ್ದರೆ ಆತಂಕಪಡಬೇಕಾಗಿಲ್ಲ.

(ಋ) ಬದಲಾವಣೆಯ ಅನಂತರ ತಾಳ್ಮೆ ಬೇಕು. ಹಳೆಯ ಪದ್ಧತಿಯ ಪಟ್ಟಿ ಸರಿಹೋಗಲು ಒಂದು ಗಂಟೆಯವರೆಗೂ ಹಿಡಿಯಬಹುದು. ಹತ್ತು ನಿಮಿಷದಲ್ಲಿ ಫಲ ಕಾಣಲಿಲ್ಲವೆಂದು ಇನ್ನೊಂದು ಬದಲಾವಣೆ ಮಾಡಿದರೆ, ಯಾವುದರಿಂದ ಸರಿಹೋಯಿತೆಂದು ತಿಳಿಯುವ ದಾರಿಯೇ ಇಲ್ಲವಾಗುತ್ತದೆ.

ಮತ್ತೆ ಕಾವೇರಿಯತ್ತ

ಈಗ ನಮ್ಮ ನಿದರ್ಶನಕ್ಕೆ ಹಿಂದಿರುಗೋಣ. ಸರ್ವರನ್ನು ಅಳಿಸುವ ಸಲಹೆಯನ್ನು ಒಪ್ಪುವ ಮೊದಲು ಅಧೀಕ್ಷಕರು ಕಿರಿಯ ಸಹಾಯಕನನ್ನೇ ಕರೆದು, "ಹೆಸರಿನ ಬದಲು ವಿಳಾಸ ಬರೆದು ನೋಡಪ್ಪ" ಎಂದರು. ಲೆಕ್ಕಪತ್ರ ಶಾಖೆಯ ಯಂತ್ರದಲ್ಲಿ \\192.168.1.10 ಎಂದು ಬರೆದೊಡನೆ ಕಡತಕೋಶ ತೆರೆಯಿತು. "ಎಲ್ಲಾ ಇದೆ ಸಾರ್, ಶುಕ್ರವಾರ ಮುಚ್ಚಿದ್ದ ಕಡತವೂ ಇದೆ" ಎಂದು ಆತ ಹೇಳಿದನು. ಹೆಸರು ಕೊಟ್ಟು ಪಿಂಗ್ ಆಜ್ಞೆ ನೀಡಿದಾಗ ಮೂಡಿದ ವಿಳಾಸ 192.168.2.10. ಅದು ಭಾನುವಾರ ಅಳವಡಿಸಿದ ಬ್ಯಾಕಪ್ ಕಾರ್ಡಿನದು.

ಅಲ್ಲಿಗೆ ಒಗಟು ಬಿಡಿಸಿತು. ಟಪಾಲು ಶಾಖೆ ಸರ್ವರಿನ ಉಪಜಾಲದಲ್ಲಿಯೇ ಇದ್ದುದರಿಂದ ಡಿಎನ್‌ಎಸ್ ಅವರಿಗೆ ಸರಿಯಾದ ವಿಳಾಸವನ್ನೇ ಮೊದಲು ಕೊಡುತ್ತಿತ್ತು. ಲೆಕ್ಕಪತ್ರ ಶಾಖೆ ಎರಡು ವಿಳಾಸಗಳಿಗೂ ಹೊರಗಿನದು. ಅದಕ್ಕೆ ಸರದಿಯಂತೆ ಒಮ್ಮೆ ಸರಿಯಾದ ಬಾಗಿಲು, ಒಮ್ಮೆ ದಾರಿಯೇ ಇಲ್ಲದ ಬಾಗಿಲು ಮೊದಲು ಸಿಗುತ್ತಿತ್ತು. ಬ್ಯಾಕಪ್ ಕಾರ್ಡಿನ ದಾಖಲಾತಿಯ ಗುರುತನ್ನು ತೆಗೆದು, ಡಿಎನ್‌ಎಸ್‌ನಲ್ಲಿದ್ದ ತಪ್ಪು ವಿಳಾಸವನ್ನು ಅಳಿಸಿ, ಮೇಲಂತಸ್ತಿನ ಯಂತ್ರಗಳ ನೆನಪನ್ನು ತೊಳೆದ ಮೇಲೆ ತೊಂದರೆ ನೀಗಿತು. ಬಿಲ್ಲುಗಳು ಅಂದೇ ಸಿದ್ಧವಾದವು. ಕಿರಿಯ ಸಹಾಯಕನಿಂದ ಯಾವ ತಪ್ಪೂ ಆಗಿರಲಿಲ್ಲ.

ರಿಪೇರಿಯವರ ಮಾತಿನಂತೆ ಸರ್ವರನ್ನು ಅಳಿಸಿದ್ದರೆ ಏನಾಗುತ್ತಿತ್ತೆಂಬುದನ್ನು ಯೋಚಿಸಬೇಕು. ಬ್ಯಾಕಪ್ ವ್ಯವಸ್ಥೆ ಆಗಷ್ಟೇ ಆರಂಭವಾಗುತ್ತಿತ್ತು. ಪೂರ್ಣ ಪ್ರತಿಯೊಂದು ಸಿದ್ಧವಾಗಿತ್ತೆಂಬ ಖಾತರಿಯಿರಲಿಲ್ಲ. ಇಲ್ಲದ ರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡಿ, ಇದ್ದ ಕಡತಗಳನ್ನೂ ಕಳೆದುಕೊಳ್ಳುವ ಸಂಭವವಿತ್ತು. ಹೊಸದಾಗಿ ಅಳವಡಿಸಿದ ಸರ್ವರ್ ಕೂಡ ಎರಡು ಕಾರ್ಡುಗಳ ವಿಳಾಸಗಳನ್ನೂ ದಾಖಲಿಸಿ ಅದೇ ತೊಂದರೆಯನ್ನು ಮತ್ತೆ ತರುತ್ತಿತ್ತು.

ಮಾಡಬಾರದ ಕೆಲಸಗಳು

1. ಪಟ್ಟಿಯಲ್ಲಿ ಹೆಸರು ಕಾಣಲಿಲ್ಲವೆಂದು ಸರ್ವರಿನ ಕಾರ್ಯವ್ಯವಸ್ಥೆಯನ್ನು ಅಳಿಸಬಾರದು.
2. ಪಟ್ಟಿಯನ್ನು ಮರಳಿ ಪಡೆಯುವ ಆಸೆಯಿಂದ ಎಸ್‌ಎಂಬಿ ಒಂದನೆಯ ಆವೃತ್ತಿಯನ್ನು ಮತ್ತೆ ಅಳವಡಿಸಬಾರದು. ಹಾಗೆ ಮಾಡಿದರೆ ಪಟ್ಟಿ ಕಾಣಬಹುದು. ಆದರೆ 2017ರಲ್ಲಿ ಅನೇಕರು ಪಾಠ ಕಲಿತ ಬಾಗಿಲನ್ನೇ ತೆರೆದಂತಾಗುತ್ತದೆ.
3. ಫೈರ್‌ವಾಲನ್ನು 'ಸ್ವಲ್ಪ ಹೊತ್ತು' ಎಂದು ನಿಲ್ಲಿಸಿ ಮರೆಯಬಾರದು.
4. ಹಳೆಯ ಹೊಂದಾಣಿಕೆಗಳನ್ನು ಬರೆದಿಡದೆ ಯಾವುದನ್ನೂ ಬದಲಿಸಬಾರದು.
5. ಕಾರಣ ತಿಳಿಯುವ ಮೊದಲೇ ಯಾರನ್ನೂ ಹೊಣೆಗಾರರನ್ನಾಗಿ ಮಾಡಬಾರದು.

ಸಾರಾಂಶ

ಪಟ್ಟಿ ಬೇರೆ, ಹೆಸರು ಬೇರೆ, ಕಡತ ಬೇರೆ. ಸರ್ವರಿಗೆ ಎರಡು ಬಾಗಿಲುಗಳಿದ್ದಾಗ ತಪ್ಪು ಬಾಗಿಲಿನ ವಿಳಾಸ ಹೊರಗೆ ಹೋಗುವುದೇ ಅನೇಕ ತೊಂದರೆಗಳ ಮೂಲ. ಎಲ್ಲರ ಬಳಕೆಗೆ ಒಂದೇ ಬಾಗಿಲನ್ನು ಗೊತ್ತುಮಾಡಿ, ಅದರ ವಿಳಾಸವನ್ನು ಮಾತ್ರ ದಾಖಲಿಸಿ, ಗೇಟ್‌ವೇಯನ್ನು ಅದೊಂದರಲ್ಲೇ ಇರಿಸಿದರೆ ಬಹುಪಾಲು ತೊಂದರೆಗಳು ಹುಟ್ಟುವುದೇ ಇಲ್ಲ. ಹೊಸ ಕಾರ್ಡನ್ನು ಅಳವಡಿಸುವ ದಿನವೇ ಈ ಮೂರನ್ನೂ ನೋಡಿಕೊಂಡು, ಅಳವಡಿಸಿದ ದಿನಾಂಕವನ್ನೂ ವಿಳಾಸವನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು ಉಚಿತ. ಮುಂದೆ ತೊಂದರೆ ಬಂದಾಗ ಮೊದಲು ತೆರೆಯಬೇಕಾದುದು ಆ ಪುಸ್ತಕವನ್ನು.

ಅಭ್ಯಾಸ ಪ್ರಶ್ನೆಗಳು

1. ಹಳೆಯ ಪದ್ಧತಿಯಲ್ಲಿ, ನಿಂತುಹೋದ ಯಂತ್ರದ ಹೆಸರು ಪಟ್ಟಿಯಲ್ಲಿ 51 ನಿಮಿಷಗಳವರೆಗೆ ಉಳಿಯಬಹುದು. ಈ ಲೆಕ್ಕ ಹೇಗೆ ಬಂದಿತು?
2. ಸರ್ವರ್ ವಿಳಾಸದಿಂದ ತೆರೆಯುತ್ತದೆ, ಹೆಸರಿನಿಂದ ತೆರೆಯುವುದಿಲ್ಲ. ದೋಷ ಎಲ್ಲಿದೆ? ಮುಂದಿನ ಹಂತ ಯಾವುದು?
3. ನಿದರ್ಶನದಲ್ಲಿ ಟಪಾಲು ಶಾಖೆಗೆ ಇಲ್ಲದ ತೊಂದರೆ ಲೆಕ್ಕಪತ್ರ ಶಾಖೆಗೆ ಏಕೆ ಬಂದಿತು?
4. ಎರಡನೆಯ ಕಾರ್ಡಿನಿಂದ ಗೇಟ್‌ವೇಯನ್ನು ತೆಗೆದ ಮೇಲೆ ಆ ಕಡೆಯವರಿಗೆ ಸರ್ವರ್ ಕಾಣಿಸದಾಯಿತು. ಇದಕ್ಕೆ ಕಾರಣವೇನು, ಪರಿಹಾರವೇನು?
5. ನಿಮ್ಮ ಕಚೇರಿಯ ಸರ್ವರಿನಲ್ಲಿ ಕಲ್ಪಿತ ಕಾರ್ಡುಗಳೂ ಸೇರಿ ಎಷ್ಟು ಜಾಲ ಕಾರ್ಡುಗಳಿವೆ? ಪ್ರತಿಯೊಂದರ ವಿಳಾಸವನ್ನೂ ಉದ್ದೇಶವನ್ನೂ ಬರೆದಿಡಿ.